ಸೋಮವಾರದೊಳಗೆ ಪದ ಬೇಕು: ‘ವಾಂಡಾ’ ಆರ್ಕಿಡ್‌ಗೆ ‘ಬದನಿಕೆ’ ಅನ್ನಬಹುದೇ?

ಹಾನಗಲ್ ಕಡೆಯಿಂದ:

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು. ಸೋಮವಾರ ಬೆಳಿಗ್ಗೆ ಪೇಂಟರ್ ಬರುತ್ತಾರೆ, ಅಷ್ಟರೊಳಗೆ.

ನಮ್ಮೂರ ಶಾಲೆಯ ಅಂಗಳದ ಮರಗಿಡಗಳಿಗೆ ತಗಡಿನ ಹೆಸರುಫಲಕ ಬರೆಸುತ್ತಿದ್ದೇವೆ. ಮತ್ತಿ, ಹೊನ್ನೆ, ಹುಣಸೆ, ನೇರಳೆ, ಎಲ್ಲ ಮುಗಿದವು. ಅವಕ್ಕೆ ಹೆಸರು ಹುಡುಕುವ ಕೆಲಸವೇ ಇರಲಿಲ್ಲ. ಉಳಿದಿರುವುದು ಒಂದು ಆರ್ಕಿಡ್. ಬಾವಿ ಪಕ್ಕದ ಹಳೇ ಮಾವಿನ ಮರದ ಕವಲಿನಲ್ಲಿದೆ. ಪಟ್ಟಿಯಂಥ ದಪ್ಪ ಎಲೆ, ಎರಡು ಸಾಲಿನಲ್ಲಿ. ಬಿಳಿ ಹಗ್ಗದಂಥ ಬೇರುಗಳು ಗಾಳಿಯಲ್ಲಿ ಜೋತಾಡುತ್ತವೆ. ಬೇಸಿಗೆಯಲ್ಲಿ ಹೂ ಬಿಡುತ್ತದೆ. ಹಳದಿ ಹಸಿರು ಎಸಳು, ಅದರ ಮೇಲೆ ಕಂದು ಚೌಕಳಿ, ನಡುವೆ ನೇರಳೆ ತುಟಿ. ಒಳ್ಳೇ ಪರಿಮಳ. ಗಿಡ ಬಲ್ಲವರೊಬ್ಬರಿಗೆ ಫೋಟೊ ಕಳಿಸಿದೆ. ‘ವಾಂಡಾ ಟೆಸ್ಸೆಲೇಟಾ’ ಅಂದರು.

ಊರಿನ ಹಿರಿಯರು ಇದಕ್ಕೆ ‘ಬದನಿಕೆ’ ಅನ್ನುತ್ತಾರೆ. ನನಗೂ ಅದೇ ಇಷ್ಟ. ಆದರೆ ವಿಜ್ಞಾನದ ಮೇಷ್ಟ್ರು ಬೇಡವೇ ಬೇಡ ಅಂತಾರೆ. ಬದನಿಕೆ ಅಂದರೆ ಮರದ ರಸ ಹೀರುವ ಗಿಡ, ಫಲಕ ಓದಿದ ಹುಡುಗರು ಕಿತ್ತು ಎಸೀತಾರೆ ಅನ್ನೋದು ಅವರ ಭಯ. ಹೋದ ವರ್ಷ ಒಂದು ಗಿಡ ಹಾಗೇ ಹೋಯಿತು. ಹಾಗಾಗಿ ಅವರ ಮಾತನ್ನು ತಳ್ಳಿಹಾಕೋಕೂ ಆಗಲ್ಲ.

ಬದನಿಕೆ ಅಂತ ಬರೆಯಬಹುದೇ? ಕೆಳಗಿನ ಸಾಲಿನಲ್ಲಿ ‘ವಾಂಡಾ ಜಾತಿಯ ಪ್ರಭೇದ’ ಅಂತ ಹಾಕುವುದಾದರೆ ಅದು ‘ಜಾತಿ’ಯೋ ‘ಕುಲ’ವೋ? ತಗಡು ಒಂದೂವರೆ ಅಡಿ ಅಗಲ. ಹದಿನೈದು ಪದಕ್ಕಿಂತ ಜಾಸ್ತಿ ಹಿಡಿಸಲ್ಲ.

ಬೆಂಗಳೂರಿನಿಂದ:

‘ಆರ್ಕಿಡ್’ ಅಂತ ಬರೆದು ಮುಗಿಸಿ. ಹೂವಿನ ಅಂಗಡಿಯವರಿಗೂ ಗೊತ್ತಿರುವ ಪದ. ಬದನಿಕೆ ಅಂದರೆ ತೋಟಕ್ಕೆ ಕೇಡು ಅಂತಲೇ ಜನ ತಿಳಿದಿರೋದು. ಮೇಷ್ಟ್ರು ಹೇಳಿದ್ದು ಸರಿ.

ಧಾರವಾಡದಿಂದ:

ಮೊದಲು ‘ವಾಂಡಾ’ ಬಿಡಿ. ‘ವಂದಾ’ ಅನ್ನಿ. ಡ ಅಲ್ಲ, ದ.

ಇದು ಲ್ಯಾಟಿನ್ ಪದವಲ್ಲ, ಇಂಗ್ಲಿಷ್ ಪದವೂ ಅಲ್ಲ. ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ವಿಲಿಯಂ ಜೋನ್ಸ್ ಇಲ್ಲಿನ ಗಿಡಗಳನ್ನು ಸಂಸ್ಕೃತ ಹೆಸರಿನಿಂದಲೇ ಗುರುತಿಸಿ ಟಿಪ್ಪಣಿ ಬರೆದರು. ಏಷ್ಯಾಟಿಕ್ ಸೊಸೈಟಿಯ ಸಂಪುಟದಲ್ಲಿ ಅದು 1795ರಲ್ಲಿ ಅಚ್ಚಾಯಿತು, ಅವರು ತೀರಿಕೊಂಡ ಮರುವರ್ಷ. ಅದರಲ್ಲಿ ಈ ಗಿಡ ‘ವಂದಾ’. 1820ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಅದೇ ಹೆಸರನ್ನು ಸಸ್ಯಶಾಸ್ತ್ರದ ಕಟ್ಟಳೆಯಂತೆ ಗಟ್ಟಿ ಮಾಡಿದರು. ರೋಮನ್ ಲಿಪಿಯಲ್ಲಿ ದ, ಡ ಎರಡಕ್ಕೂ ಒಂದೇ ಅಕ್ಷರ. ಹಾಗಾಗಿ ಇಲ್ಲಿಂದ ವಂದಾ ಆಗಿ ಹೋದ ಪದ ವಾಂಡಾ ಆಗಿ ಮರಳಿತು. ನಾವು ಅದನ್ನು ಪರದೇಶದ ಪದ ಅಂದುಕೊಂಡು ಕನ್ನಡ ಹುಡುಕುತ್ತಿದ್ದೇವೆ.

ಅಮರಕೋಶದ ವನೌಷಧಿ ವರ್ಗ ನೋಡಿ. ವಂದಾ, ವೃಕ್ಷಾದನೀ, ವೃಕ್ಷರುಹಾ, ಜೀವಂತಿಕಾ, ನಾಲ್ಕೂ ಒಂದೇ ಕಡೆ ಇವೆ. ಮತ್ತೆ ವನ ಬನ, ವರ್ಣ ಬಣ್ಣ, ವೀಥಿ ಬೀದಿ, ವಸತಿ ಬಸದಿ. ವಂದಾ ಕೂಡ ಇದೇ ದಾರಿ ಹಿಡಿದು ಬಂದಣಿಕೆ, ಬದನಿಕೆ ಆಗಿದೆ ಅನ್ನುವುದು ನನ್ನ ಗಟ್ಟಿ ನಂಬಿಕೆ. ಅಂದರೆ ಊರಿನ ಹಿರಿಯರು ಹೇಳುವ ಪದವೂ ಸಸ್ಯಶಾಸ್ತ್ರದ ಹೆಸರೂ ಒಂದೇ ಬೇರಿನವು. ಇಂಥ ಜೋಡಿ ಸಿಗೋದು ಅಪರೂಪ. ಧೈರ್ಯವಾಗಿ ಬದನಿಕೆ ಅಂತ ಬರೆಯಿಸಿ.

ಮಂಗಳೂರಿನಿಂದ:

‘ಣಿಕೆ’ ಎಲ್ಲಿಂದ ಬಂತು? ಅದನ್ನು ಹೇಳದೆ ಬರೀ ವ-ಬ ತೋರಿಸಿದರೆ ಆಗಲ್ಲ. ತೆಲುಗಿನಲ್ಲೂ ‘ಬದನಿಕ’ ಇದೆ. ತೆಲುಗು ಮೊದಲಕ್ಷರದ ವಕಾರವನ್ನು ಉಳಿಸಿಕೊಳ್ಳುವ ಭಾಷೆ. ನಮ್ಮ ಬೇರು ಅವರಿಗೆ ವೇರು, ನಮ್ಮ ಬಿಲ್ಲು ಅವರಿಗೆ ವಿಲ್ಲು. ಮೂಲ ವಂದಾ ಆಗಿದ್ದರೆ ಅಲ್ಲಿ ವಕಾರ ಇರಬೇಕಿತ್ತು. ಇಲ್ಲ. ಬದನಿಕೆ ಸಂಸ್ಕೃತದ ಮಗು ಅಲ್ಲ.

ಪ್ರತಿಯೊಂದು ಕನ್ನಡ ಪದಕ್ಕೂ ಅಮರಕೋಶದಲ್ಲಿ ತಾಯಿ ಹುಡುಕುವ ಚಟ ನಿಲ್ಲಬೇಕು. ಹಾಗೆಯೇ ಆರ್ಕಿಡ್ ಅನ್ನುವುದೂ ಬೇಡ. ‘ಮರಬಾಳೆ’ ಅನ್ನಿ. ಮಲಯಾಳದಲ್ಲಿ ‘ಮರವಾಳ’ ಇದೆ. ಜೋನ್ಸ್‌ಗಿಂತ ನೂರು ವರ್ಷ ಮೊದಲೇ, ಮಲಬಾರಿನ ಗಿಡಗಳ ಗ್ರಂಥ ‘ಹಾರ್ಟಸ್ ಮಲಬಾರಿಕಸ್’ನ 12ನೇ ಸಂಪುಟದಲ್ಲಿ, 1693ರಲ್ಲಿ, ಮರದ ಮೇಲಿನ ಆರ್ಕಿಡ್‌ಗಳಿಗೆ ‘ಮರವರ’ ಅಂತ ಹೆಸರು ಹಾಕಿದ್ದಾರೆ. ಹಲಸಿನ ಬಳಗದ ಆಂಜಿಲಿ ಮರದ ಮೇಲಿದ್ದರೆ ‘ಆಂಜಿಲಿ ಮರವರ’, ಹೊನ್ನಿನ ಬಣ್ಣದ ಹೂ ಬಿಟ್ಟರೆ ‘ಪೊನ್ನಂಪೂ ಮರವರ’. ಜನ ಕಣ್ಣಿಂದ ನೋಡಿ ಕಟ್ಟಿದ ಹೆಸರು. ಹೆಸರು ಇಡೋದು ಅಂದರೆ ಹಾಗೆ.

ಧಾರವಾಡದಿಂದ:

ತೆಲುಗು ಅದನ್ನು ಕನ್ನಡದಿಂದ ಪಡೆದಿರಬಹುದಲ್ವಾ? ಬಕಾರವೇ ಅದಕ್ಕೆ ಸಾಕ್ಷಿ.

ಮಂಗಳೂರಿನಿಂದ:

ಅದು ಸಾಕ್ಷಿ ಅಲ್ಲ, ಊಹೆ.

ಶಿರಸಿಯಿಂದ:

ವ್ಯುತ್ಪತ್ತಿ ಏನೇ ಇರಲಿ, ಫಲಕದ ಕೆಳಗೆ ನಿಲ್ಲುವವರು ಮಕ್ಕಳು. ಒಂದು ಗಿಡ ಈಗಾಗಲೇ ಹೋಗಿದೆ. ಅಲ್ಲಿಂದ ಶುರು ಮಾಡೋಣ.

ನಮ್ಮ ಕಡೆ ಮಾವಿನ ತೋಟದಲ್ಲಿ ರೈತರು ಕಡಿದು ಹಾಕುವ ಬದನಿಕೆ ಬೇರೆ ಗಿಡ. ಕೊಳವೆಯಂಥ ಕಿತ್ತಳೆ ಕೆಂಪು ಹೂ, ಅಂಟಂಟು ಹಣ್ಣು. ಹಕ್ಕಿ ಹಣ್ಣು ತಿಂದು ಕೊಂಬೆಗೆ ಒರೆಸಿದ ಬೀಜ ಅಲ್ಲೇ ಮೊಳೆಯುತ್ತದೆ. ಅದರ ಬೇರು ತೊಗಟೆ ಸೀಳಿ ಒಳಗೆ ಇಳಿದು ಮರದ ನೀರು, ಲವಣ ಎರಡನ್ನೂ ಎಳೆದುಕೊಳ್ಳುತ್ತದೆ. ಕೊಂಬೆ ಅಲ್ಲಿ ಗಂಟು ಕಟ್ಟಿ ತುದಿ ಒಣಗುತ್ತದೆ. ಅದು ನಿಜವಾದ ಪರಾವಲಂಬಿ.

ವಾಂಡಾದ ಬೇರು ಒಳಗೆ ಹೋಗುವುದೇ ಇಲ್ಲ. ತೊಗಟೆಯನ್ನು ಅಪ್ಪಿ ಹಿಡಿಯುತ್ತದೆ, ಇಲ್ಲ ಗಾಳಿಯಲ್ಲಿ ಬಿಡುತ್ತದೆ. ಆ ಬೇರಿನ ಬಿಳಿ ಹೊದಿಕೆ ಸತ್ತ ಜೀವಕೋಶಗಳ ಸ್ಪಂಜು. ಮಳೆ ನೀರನ್ನು ಗಳಿಗೆಯಲ್ಲಿ ಹೀರಿಕೊಳ್ಳುತ್ತದೆ. ಮಕ್ಕಳಿಗೆ ಒಂದು ಚೊಂಬು ನೀರು ಕೊಟ್ಟು ಬೇರಿನ ಮೇಲೆ ಹಾಕಿಸಿ. ಬಿಳಿ ಬೇರು ಕಣ್ಣೆದುರೇ ಹಸಿರಾಗುತ್ತದೆ. ಒಳಗಿನ ಹಸಿರು ಹೊರಗೆ ಕಾಣುವುದು ಅಷ್ಟೆ. ಆ ಬೇರು ಎಲೆಯ ಹಾಗೆ ಬಿಸಿಲಿನಲ್ಲಿ ಆಹಾರವನ್ನೂ ಮಾಡುತ್ತದೆ. ಕೆಲವು ಆರ್ಕಿಡ್‌ಗಳಿಗೆ ನೀರು ಕೂಡಿಡುವ ಉಬ್ಬಿದ ಗೆಣ್ಣು ಇರುತ್ತದೆ. ವಾಂಡಾಕ್ಕೆ ಅದಿಲ್ಲ. ದಪ್ಪ ಎಲೆ, ದಪ್ಪ ಬೇರು, ಒಂದೇ ತುದಿಯಿಂದ ಮೇಲೆ ಮೇಲೆ ಬೆಳೆಯುವ ಕಾಂಡ, ಇಷ್ಟೇ ಅದರ ಆಸ್ತಿ. ಯಾರೋ ಕಿತ್ತು ಕೆಳಗೆ ಎಸೆದರೆ ಆ ಜಾಗಕ್ಕೆ ಇನ್ನೊಂದು ಸುಮ್ನೆ ಬರಲ್ಲ. ಬೀಜ ದೂಳಿನಷ್ಟು ಸಣ್ಣದು, ಒಳಗೆ ಬುತ್ತಿ ಇಲ್ಲ. ಸರಿಯಾದ ಶಿಲೀಂಧ್ರ ಸಿಕ್ಕರೆ ಮಾತ್ರ ಮೊಳೆಯುತ್ತದೆ.

ಧಾರವಾಡದವರು ಕೊಟ್ಟ ಅಮರನ ಪಟ್ಟಿಯನ್ನೇ ಇನ್ನೊಮ್ಮೆ ನೋಡಿ. ವೃಕ್ಷಾದನೀ ಅಂದರೆ ಮರ ತಿನ್ನುವಂಥದು. ವೃಕ್ಷರುಹಾ ಅಂದರೆ ಮರದ ಮೇಲೆ ಹುಟ್ಟುವಂಥದು. ಎರಡೂ ಒಂದೇ ಚೀಲದಲ್ಲಿವೆ. ಗೊಂದಲ ಅಷ್ಟು ಹಳೆಯದು. ಗಿಡಗಳಿಗೆ ಶಾಸ್ತ್ರದ ಹೆಸರಿಟ್ಟ ಲಿನೇಯಸ್ ಕೂಡ 1753ರಲ್ಲಿ ಮರದ ಮೇಲಿನ ಆರ್ಕಿಡ್‌ಗಳನ್ನೆಲ್ಲ ‘ಎಪಿಡೆಂಡ್ರಂ’ ಅನ್ನುವ ಒಂದೇ ಹೆಸರಿನಡಿ ತುಂಬಿದರು. ಗ್ರೀಕ್‌ನಲ್ಲಿ ‘ಮರದ ಮೇಲಿನದು’ ಅಂತ ಅರ್ಥ. ಬದನಿಕೆಯೂ ಹಾಗೇ ಎರಡನ್ನೂ ಹೊತ್ತ ಪದ. ತಪ್ಪು ಪದ ಅಲ್ಲ. ಆದರೆ ಇಲ್ಲಿ ಒಂಟಿಯಾಗಿ ಬರೆದರೆ ಗಿಡಕ್ಕೆ ಅಪಾಯ.

ಮರಬಾಳೆ ಚಂದದ ಪದ. ಆದರೆ ಹಾನಗಲ್‌ನಲ್ಲಿ ಯಾರ ಬಾಯಲ್ಲೂ ಇಲ್ಲದ್ದನ್ನು ಫಲಕದಲ್ಲಿ ಹಾಕಿದರೆ ಊರಿನ ಹಿರಿಯರೇ ‘ಇದ್ಯಾವುದು’ ಅಂತ ಕೇಳಬೇಕಾಗುತ್ತದೆ. ಇನ್ನೊಂದು ಮಾತು. ಯಾರಾದರೂ ‘ಸೀತಾಳೆ ದಂಡೆ’ ಬರೆಯಿರಿ ಅನ್ನಬಹುದು, ಕೇಳಬೇಡಿ. ಅದು ನರಿಬಾಲದಂತೆ ಇಳಿಬೀಳುವ ಗೊಂಚಲಿನ ಹೂ, ರಿಂಕೋಸ್ಟೈಲಿಸ್ ರೆಟೂಸಾ. ಅಸ್ಸಾಮಿನಲ್ಲಿ ಬಿಹುವಿಗೆ ಹೆಣ್ಣುಮಕ್ಕಳು ಮುಡಿಯುವ ಕಪೌ ಹೂ ಅದೇ. ಇಷ್ಟು ಒಳ್ಳೇ ಹೆಸರು ಒಂದು ಗಿಡದ್ದು. ಅದನ್ನು ಕಿತ್ತು ಇನ್ನೊಂದಕ್ಕೆ ಅಂಟಿಸುವುದು ನ್ಯಾಯ ಅಲ್ಲ.

ಜಾತಿಯೋ ಕುಲವೋ ಅಂದರೆ, ಕುಲ. ಹತ್ತಿರದ ನಂಟಿನ ಪ್ರಭೇದಗಳ ಗುಂಪು ಅದು. ಮಾವಿನಲ್ಲಿ ಎಷ್ಟು ಜಾತಿ ಅಂತ ಕೇಳಿದರೆ ನಮ್ಮವರು ಆಪೂಸು, ರಸಪುರಿ, ಮಲ್ಲಿಕಾ ಅಂತ ಎಣಿಸುತ್ತಾರೆ. ಆಡುಮಾತಿನ ಜಾತಿ ಪ್ರಭೇದಕ್ಕಿಂತಲೂ ಕೆಳಗಿನ ಮೆಟ್ಟಿಲು. ಅದನ್ನು ಮೇಲಿನ ಮೆಟ್ಟಿಲಿಗೆ ಎತ್ತಿದರೆ ಮಕ್ಕಳಿಗೆ ಗೊಂದಲ.

ಸಾಧ್ಯವಾದರೆ ಕುಲದ ಸಾಲನ್ನೇ ಕೈಬಿಡಿ. ಆ ಗೆರೆ ನಿಲ್ಲುವುದಿಲ್ಲ. ಈಗ ವಾಂಡಾ ಕುಲದಲ್ಲಿ 80ಕ್ಕೂ ಜಾಸ್ತಿ ಪ್ರಭೇದಗಳಿವೆ. ಡಿಎನ್ಎ ಹೋಲಿಕೆ ಬಂದ ಮೇಲೆ ಅಸ್ಕೋಸೆಂಟ್ರಂ ಅನ್ನುವ ಕುಲವನ್ನೇ ಇದರೊಳಗೆ ಸೇರಿಸಿದರು. ಜಪಾನಿನವರು ಶತಮಾನಗಳಿಂದ ಕುಂಡದಲ್ಲಿ ಸಾಕಿದ ‘ಫೂರಾನ್’ ಕೂಡ ಈಗ ವಾಂಡಾ. ನಮ್ಮ ಪೊನ್ನಂಪೂ ಮರವರ ಮಾತ್ರ ಹೊರಗೆ ಹೋಯಿತು. ಬಹಳ ಕಾಲ ವಾಂಡಾ ಆಗಿದ್ದದ್ದು ಈಗ ಟ್ಯಾಪ್ರೊಬೇನಿಯಾ. ತಗಡಿನ ಬಣ್ಣ ಮಾಸುವ ಮೊದಲು ಹೆಸರು ಬದಲಾಗಬಹುದು.

ಸಿಂಗಪುರದಿಂದ:

ಶಿರಸಿಯವರ ಕೊನೆಯ ಮಾತಿಗೆ ಇಲ್ಲೊಂದು ಉದಾಹರಣೆ ಇದೆ. ಇಲ್ಲಿನ ರಾಷ್ಟ್ರೀಯ ಹೂ ‘ವಾಂಡಾ ಮಿಸ್ ಜೋಕಿಂ’. ಆಗ್ನೆಸ್ ಜೋಕಿಂ ಅವರ ತೋಟದ್ದು, 1893ರಲ್ಲಿ ಬೆಳಕಿಗೆ ಬಂತು. 1981ರಲ್ಲಿ ರಾಷ್ಟ್ರೀಯ ಹೂ ಆಯಿತು. ಅದರ ತಂದೆ ತಾಯಿ ಪ್ರಭೇದಗಳೆರಡೂ ಈಗ ಪ್ಯಾಪಿಲಿಯೋನಾಂಥೆ ಕುಲದಲ್ಲಿವೆ. ಆದ್ದರಿಂದ ಶಾಸ್ತ್ರದ ಪ್ರಕಾರ ಅದು ವಾಂಡಾ ಅಲ್ಲ. ಜನ ಮಾತ್ರ ವಾಂಡಾ ಅಂತಲೇ ಅನ್ನುತ್ತಾರೆ. ಬಳಕೆಯ ಹೆಸರಿಗೆ ಶಾಸ್ತ್ರದ ಅಪ್ಪಣೆ ಬೇಕಿಲ್ಲ.

ಬೆಂಗಳೂರಿನಿಂದ:

ಅದನ್ನೇ ನಾನೂ ಹೇಳಿದ್ದು. ಬಳಕೆಯಲ್ಲಿರುವುದು ಆರ್ಕಿಡ್. ಕಾಗದ, ಕುರ್ಚಿ, ಚಾಕು, ಯಾವುದೂ ಇಲ್ಲಿ ಹುಟ್ಟಿದ್ದಲ್ಲ. ಹೊರಗಿನ ಪದ ಬಂದರೆ ಭಾಷೆ ಬಡವಾಗಲ್ಲ.

ಮಂಗಳೂರಿನಿಂದ:

ಕುರ್ಚಿ ಬಂದಾಗ ನಮ್ಮಲ್ಲಿ ಕುರ್ಚಿ ಇರಲಿಲ್ಲ. ಈ ಗಿಡ ನಮ್ಮ ಮರದ ಮೇಲೆ ಸಾವಿರಾರು ವರ್ಷದಿಂದ ಇದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಇರುವ ವಸ್ತುವಿಗೆ ಹೊರಗಿನ ಹೆಸರು ಹಾಕಿದರೆ ಮುಂದಿನ ತಲೆಮಾರು ಆ ವಸ್ತುವೇ ಹೊರಗಿನದು ಅಂದುಕೊಳ್ಳುತ್ತದೆ. ಆರ್ಕಿಡ್ ಅಂದರೆ ಪ್ಲಾಸ್ಟಿಕ್ ಕುಂಡದಲ್ಲಿ ಸಿಗುವ ಥಾಯ್ಲೆಂಡ್ ಹೂ ಅಂತ ಎಷ್ಟು ಮಕ್ಕಳು ತಿಳಿದಿದ್ದಾರೆ, ಕೇಳಿ ನೋಡಿ.

ಧಾರವಾಡದಿಂದ:

ಈ ಮಾತಿಗೆ ನನ್ನ ಒಪ್ಪಿಗೆ ಇದೆ. ಅದಕ್ಕೇ ವಂದಾ. ಡ ಅಲ್ಲ, ದ.

ಶಿರಸಿಯಿಂದ:

ವಂದಾಕ್ಕೆ ನಾನೂ ಸೈ, ಆದರೆ ನನ್ನ ಕಾರಣ ಬೇರೆ. ಇವತ್ತು ಯಾರೂ ಅದನ್ನು ಆಡುಮಾತಿನಲ್ಲಿ ಬಳಸುವುದಿಲ್ಲ. ಆದ್ದರಿಂದ ರಸ ಹೀರುವ ಗಿಡ ಅನ್ನುವ ಅಪವಾದ ಮಕ್ಕಳ ಕಿವಿಯಲ್ಲಿ ಅದಕ್ಕೆ ಅಂಟಿಕೊಂಡಿಲ್ಲ. ಮುಂದೆ ಸಸ್ಯಶಾಸ್ತ್ರ ಓದುವ ಮಗುವಿಗೆ ಅದೇ ಹೆಸರು ಮತ್ತೆ ಸಿಗುತ್ತದೆ. ಬದನಿಕೆಯನ್ನು ಕೆಳಗಿನ ಸಾಲಿನಲ್ಲಿ ಇಡಿ, ಜೊತೆಗೆ ಅದು ಹೀರುವುದಿಲ್ಲ ಅಂತ ಹೇಳಿ. ಫಲಕವನ್ನು ಮರಕ್ಕೆ ಮೊಳೆ ಹೊಡೆದು ಹಾಕಬೇಡಿ.

ಹಾನಗಲ್ ಕಡೆಯಿಂದ:

ಎಲ್ಲರಿಗೂ ತುಂಬಾ ಉಪಕಾರವಾಯಿತು. ನಿನ್ನೆ ಸಂಜೆ ಬದನಿಕೆ ಅಂದಿದ್ದ ಹಿರಿಯರನ್ನೇ ಮತ್ತೆ ಮಾವಿನ ಮರದ ಹತ್ತಿರ ಕರೆದುಕೊಂಡು ಹೋದೆ. ‘ಬದನಿಕೆ ಆದರೆ ಕಡಿಯಬೇಕಲ್ವಾ?’ ಅಂತ ಕೇಳಿದೆ. ‘ಒಳಗೆ ಇಳಿದದ್ದನ್ನು ಕಡೀತೀವಿ. ಇದು ಮೇಲೆ ಕೂತದ್ದು. ಇದಕ್ಕೆ ಯಾರು ಕೊಡಲಿ ಹಾಕ್ತಾರೆ?’ ಅಂದರು. ಮೇಷ್ಟ್ರೂ ಜೊತೆಗಿದ್ದರು. ಅಲ್ಲೇ ಕೂತು ಇಬ್ಬರೂ ಸೇರಿ ಸಾಲು ಹೊಂದಿಸಿದರು. ಕುಲದ ಮಾತು ಬಿಟ್ಟೆವು. ಆರ್ಕಿಡ್ ಇಟ್ಟುಕೊಂಡೆವು, ಮಂಗಳೂರಿನವರು ಬೇಜಾರು ಮಾಡಿಕೊಳ್ಳಬಾರದು. ಅದು ಮಾವಿನ ಮರದ ಮೇಲೂ ಇರುತ್ತೆ ಅಂತ ಹುಡುಗರಿಗೆ ತಿಳಿಯಲಿ ಅಂತಲೇ ಇಟ್ಟದ್ದು.

ಪೇಂಟರ್ ಕೈಗೆ ಕೊಟ್ಟಿರುವುದು ಇದು:

ವಂದಾ ಆರ್ಕಿಡ್
ಊರ ಮಾತಿನಲ್ಲಿ: ಬದನಿಕೆ
ಮರವನ್ನು ಅಪ್ಪಿ ಬದುಕುತ್ತದೆ, ರಸ ಹೀರುವುದಿಲ್ಲ.
ಕೀಳಬೇಡಿ. ಬೇರಿಗೆ ನೀರು ಹಾಕಿ ನೋಡಿ.

ಸರಿಯಾಗಿ ಹದಿನೈದು ಪದ. ಗೂಟ ನೆಟ್ಟು ಅದಕ್ಕೆ ಫಲಕ ಕಟ್ಟುತ್ತೇವೆ, ಮೊಳೆ ಇಲ್ಲ. ‘ವಂದಾ’ದ ದಕಾರವನ್ನು ಪೇಂಟರ್‌ಗೆ ಎರಡು ಸಲ ತೋರಿಸಿದ್ದೇನೆ.