ಓಪನ್ ಹಾರ್ಟ್ ಸರ್ಜರಿ ನಂತರ ಡೆಲಿರಿಯಂ: ಸುಮ್ಮನೆ ಮಲಗಿರುವವರಲ್ಲಿ ಪತ್ತೆ ಹಚ್ಚುವುದು ಹೇಗೆ?

ಐಸಿಯು_ರಾತ್ರಿಪಾಳಿ:
ಬೈಪಾಸ್ ಅಥವಾ ವಾಲ್ವ್ ಸರ್ಜರಿ ಆದವರಲ್ಲಿ ಎರಡನೇ, ಮೂರನೇ ದಿನದ ಹೊತ್ತಿಗೆ ಕಾಣಿಸಿಕೊಳ್ಳುವ ಡೆಲಿರಿಯಂ (ಹಠಾತ್ತನೆ ಬರುವ ಗೊಂದಲ, ಗಮನ ನಿಲ್ಲದಿರುವುದು) ಬಗ್ಗೆ ಎರಡು ಪ್ರಶ್ನೆ. ಲೈನ್ (ರಕ್ತನಾಳಕ್ಕೆ ಹಾಕಿದ ನಳಿಕೆ) ಕೀಳುವವರು, ಹಾಸಿಗೆಯಿಂದ ಇಳಿಯಲು ಹೋಗುವವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಆದರೆ ಕರೆದಾಗ ಕಣ್ಣು ಬಿಟ್ಟು, ‘ಹ್ಞೂಂ’ ಅಂದು ಮತ್ತೆ ಮುಚ್ಚಿಕೊಳ್ಳುವವರನ್ನು ‘ಆರಾಮಾಗಿದ್ದಾರೆ’ ಎಂದು ಚಾರ್ಟಿನಲ್ಲಿ ಬರೆದುಬಿಡುತ್ತೇವೆ. ಡೆಲಿರಿಯಂ ಪತ್ತೆಯ ಕ್ಯಾಮ್-ಐಸಿಯು ಪರೀಕ್ಷೆ ಮಾಡೋಣವೆಂದರೆ ಅದರ ಇಂಗ್ಲಿಷ್ ಅಕ್ಷರಗಳ ಪರೀಕ್ಷೆ ಇಂಗ್ಲಿಷ್ ಬಾರದ ಹಿರಿಯರಿಗೆ ಆಗುವುದಿಲ್ಲ. ಇನ್ನೊಂದು, ರಾತ್ರಿ ಗಲಾಟೆ ಶುರುವಾದರೆ ನಿದ್ದೆ ಬರಿಸುವ ಮಿಡಜೋಲಾಂ ಬಿಟ್ಟು ಬೇರೆ ದಾರಿ ಏನು?

ನರ್ಸಿಂಗ್_ಬೋಧಕಿ:
ಅಕ್ಷರ ಬಿಡಿ ಸಿಸ್ಟರ್, ಅಂಕಿ ಓದಿ: 8 1 7 5 1 4 1 1 3 6. ಮೊದಲು ಕನ್ನಡಕ, ಕಿವಿಯ ಮೆಷಿನ್ ಹಾಕಿಸಿ. ಕಿವಿ ಕೇಳಿಸದವರನ್ನು ಡೆಲಿರಿಯಂ ಎಂದು ಬರೆಯುವುದು ಬಹಳ ಸಲ ಆಗುವ ತಪ್ಪು. ಆಮೇಲೆ ಅವರ ಕೈಯೊಳಗೆ ನಿಮ್ಮ ಬೆರಳಿಟ್ಟು, ‘ನಾನು ಒಂದು ಅಂದಾಗ ಮಾತ್ರ ಅದುಮಿ’ ಎಂದು ಹೇಳಿ, 3 ಸೆಕೆಂಡಿಗೆ ಒಂದರಂತೆ ಮಾಮೂಲಿ ದನಿಯಲ್ಲಿ ಓದಿ. ಒಂದಕ್ಕೆ ಅದುಮದಿದ್ದರೂ ತಪ್ಪು, ಬೇರೆ ಅಂಕಿಗೆ ಅದುಮಿದರೂ ತಪ್ಪು. ಮೊದಲಿನಿಂದ ಕೊನೆವರೆಗೆ ಬೆರಳನ್ನು ಬಿಡದೇ ಹಿಡಿದಿದ್ದರೆ ಅದನ್ನು ಸರಿಯುತ್ತರ ಎಂದು ಎಣಿಸಬೇಡಿ. 2ಕ್ಕಿಂತ ಹೆಚ್ಚು ತಪ್ಪಾದರೆ ಗಮನ ನಿಲ್ಲುತ್ತಿಲ್ಲ ಎಂದರ್ಥ.

ರಾಸ್ ಸ್ಕೋರ್ (ಎಚ್ಚರ, ಚಡಪಡಿಕೆಯ ಅಳತೆ; ಸೊನ್ನೆ ಎಂದರೆ ಶಾಂತವಾಗಿ ಎಚ್ಚರ, ಕೆಳಗಿಳಿದಷ್ಟೂ ಮಂಪರು) −4 ಅಥವಾ −5 ಇದ್ದರೆ ಪರೀಕ್ಷೆಗೆ ಅರ್ಥವಿಲ್ಲ, ಎಚ್ಚರವಾದ ಮೇಲೆ ಮಾಡಿ. −3 ಮತ್ತು ಅದಕ್ಕಿಂತ ಮೇಲಿದ್ದರೆ ಮಾಡಲೇಬೇಕು. ನೀವು ಹೇಳಿದಂಥ ಮಂಪರಿನ ರೋಗಿಯಲ್ಲಿ ಇದು ಬೇಗ ಮುಗಿಯುತ್ತದೆ. ಸರ್ಜರಿಗೆ ಮುಂಚೆ ಇದ್ದಂತೆ ಈಗಿಲ್ಲ ಎಂದು ಮನೆಯವರು ಹೇಳಿದರು, ಅಂಕಿಯಲ್ಲಿ ತಪ್ಪಿದರು, ರಾಸ್ ಸೊನ್ನೆ ಇಲ್ಲ: ಇಷ್ಟಕ್ಕೇ ಪಾಸಿಟಿವ್. ‘ಕಲ್ಲು ನೀರಿನಲ್ಲಿ ತೇಲುತ್ತದೆಯೇ’ ಎಂಬಂಥ ಪ್ರಶ್ನೆಗಳು ಬೇಕಾಗುವುದು ರಾಸ್ ಸೊನ್ನೆ ಇದ್ದಾಗ ಮಾತ್ರ. ಪ್ರತಿ ಶಿಫ್ಟಿಗೆ ಒಮ್ಮೆಯಾದರೂ ಮಾಡಿ. ಬೆಳಗ್ಗೆ ನೆಗೆಟಿವ್ ಬಂದವರು ಸಂಜೆ ಪಾಸಿಟಿವ್ ಆಗಬಹುದು, ಏರಿಳಿತವೇ ಈ ಕಾಯಿಲೆಯ ಗುಣ.

ಕಾರ್ಡಿಯಾಕ್_ಅರಿವಳಿಕೆ:
ಎರಡನೇ ಪ್ರಶ್ನೆಗೆ ಬರುತ್ತೇನೆ. ಮಿಡಜೋಲಾಂ, ಲೊರಾಜೆಪಾಮ್ ಎರಡೂ ಡೆಲಿರಿಯಂ ಹೆಚ್ಚಿಸುವ ಔಷಧಗಳೇ. ಮದ್ಯ ಬಿಟ್ಟದ್ದರಿಂದ ಬಂದ ನಡುಕ, ಬೆವರು, ಗಲಿಬಿಲಿಗೆ ಮಾತ್ರ ಅವು ಸರಿಯಾದ ಔಷಧ. ಅದಕ್ಕೇ ಕುಡಿಯುವ ಅಭ್ಯಾಸದ ಬಗ್ಗೆ ಸರ್ಜರಿಗೆ ಮುಂಚೆಯೇ ನೇರವಾಗಿ ಕೇಳಿ ಬರೆದಿಡಬೇಕು. ನಿದ್ದೆಗೆಂದು ಫೆನಿರಮಿನ್, ಪ್ರೊಮೆಥಜೀನ್‌ನಂಥ ಅಲರ್ಜಿ ಔಷಧ ಕೊಡುವುದೂ ಬೇಡ. ವಯಸ್ಸಾದವರಲ್ಲಿ ಅವು ಗೊಂದಲ ಹೆಚ್ಚಿಸುತ್ತವೆ, ಮೂತ್ರವನ್ನೂ ಕಟ್ಟಿಸುತ್ತವೆ.

ಸಿರಿಂಜ್ ಕೈಗೆತ್ತಿಕೊಳ್ಳುವ ಮುಂಚೆ ಕಾರಣ ಹುಡುಕಿ. ಹೃದಯ ಸರ್ಜರಿಯ ನಂತರ ನನಗೆ ಎಲ್ಲಕ್ಕಿಂತ ಭಯದ್ದು ಎಂದರೆ ಇದು: ಹಠಾತ್ ಚಡಪಡಿಕೆ, ಅಷ್ಟು ಹೊತ್ತು ಬರುತ್ತಿದ್ದ ಚೆಸ್ಟ್ ಡ್ರೇನ್ (ಎದೆಯೊಳಗಿನ ರಕ್ತ ಹೊರತರುವ ನಳಿಕೆ) ಒಮ್ಮೆಲೇ ನಿಂತಿದೆ, ಸಿವಿಪಿ (ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ಅಭಿಧಮನಿಯ ಒತ್ತಡ) ಏರುತ್ತಿದೆ, ಬಿಪಿ ಇಳಿಯುತ್ತಿದೆ, ಮೂತ್ರ ಕಡಿಮೆಯಾಗಿದೆ. ಅದು ಟ್ಯಾಂಪೊನೇಡ್ ಇರಬಹುದು, ಅಂದರೆ ಹೃದಯದ ಸುತ್ತ ರಕ್ತ ತುಂಬಿ ಅದನ್ನು ಅದುಮುವುದು. ಅಲ್ಲಿ ನಿದ್ದೆಯ ಔಷಧ ಕೊಟ್ಟರೆ ಪ್ರಾಣಕ್ಕೇ ಕುತ್ತು. ಸರ್ಜನ್‌ಗೆ ಫೋನ್ ಮಾಡಿ, ಎಕೋ ತರಿಸಿ. ಅದಲ್ಲವೆಂದಾದರೆ ಎಬಿಜಿಯಲ್ಲಿ (ಅಪಧಮನಿಯ ರಕ್ತದ ಪರೀಕ್ಷೆ) ಆಮ್ಲಜನಕ, ಇಂಗಾಲದ ಡೈಆಕ್ಸೈಡ್, ಸಕ್ಕರೆ, ಸೋಡಿಯಂ ನೋಡಿ. ಜ್ವರ, ಹೊಸದಾಗಿ ಬಂದ ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಲಯ ತಪ್ಪಿದ ಬಡಿತ), ಮೂತ್ರದ ಕ್ಯಾತಿಟರ್ ತೆಗೆದವರಲ್ಲಿ ತುಂಬಿದ ಮೂತ್ರಕೋಶ, ಮಲಬದ್ಧತೆ ಇವೂ ಕಾರಣಗಳೇ. ಕಿಡ್ನಿ ಕುಂದಿರುವವರು ಸೆಫೆಪೀಮ್ ಆಂಟಿಬಯೋಟಿಕ್ ಮೇಲಿದ್ದರೆ ಡೋಸ್ ಮತ್ತೆ ಲೆಕ್ಕ ಹಾಕಿ.

ನೋವು ತಡೆದುಕೊಂಡು ಸುಮ್ಮನಿರುವವರೂ ಇದ್ದಾರೆ. ಲಿವರ್ ಸರಿಯಿದ್ದು, ತೂಕ 50 ಕೆಜಿಗಿಂತ ಹೆಚ್ಚಿದ್ದರೆ ಪ್ಯಾರಾಸಿಟಮಾಲ್ 1 ಗ್ರಾಂ 6 ಗಂಟೆಗೊಮ್ಮೆ, ಕೇಳಿದಾಗಲ್ಲ, ಗಡಿಯಾರ ನೋಡಿ ಕೊಡಿ. 60 ದಾಟಿದ ಹೃದಯ ಸರ್ಜರಿ ರೋಗಿಗಳಲ್ಲಿ ಐವಿ (ರಕ್ತನಾಳದ ಮೂಲಕ ಕೊಡುವ) ಪ್ಯಾರಾಸಿಟಮಾಲ್ ಡೆಲಿರಿಯಂ ತಗ್ಗಿಸಿದ್ದನ್ನು 2019ರ ಡೆಕ್ಸಾಸೆಟ್ ಅಧ್ಯಯನ ತೋರಿಸಿದೆ. ಅದು ಚಿಕ್ಕ ಅಧ್ಯಯನ, ಆದರೂ ಕೊಡುವುದರಿಂದ ನಷ್ಟವಿಲ್ಲ.

ಇಷ್ಟಾದ ಮೇಲೂ ಗಲಾಟೆಯಿಂದ ಅಪಾಯವಿದ್ದರೆ ಶಾಂತಗೊಳಿಸುವ ಔಷಧ ಡೆಕ್ಸ್‌ಮೆಡಿಟೊಮಿಡಿನ್, ಬೋಲಸ್ (ಆರಂಭದಲ್ಲಿ ಒಮ್ಮೆಲೇ ಕೊಡುವ ಡೋಸ್) ಇಲ್ಲದೆ, ಗಂಟೆಗೆ ಕೆಜಿಗೆ 0.2ರಿಂದ 0.7 ಮೈಕ್ರೋಗ್ರಾಂ. ಬ್ರಾಡಿಕಾರ್ಡಿಯಾ (ಹೃದಯ ಬಡಿತ ನಿಧಾನವಾಗುವುದು), ಬಿಪಿ ಕುಸಿತ ಎರಡೂ ಬರಬಹುದು. ವಾಲ್ವ್ ಆದವರಲ್ಲಿ ಹಾರ್ಟ್ ಬ್ಲಾಕ್ (ಹೃದಯದ ವಿದ್ಯುತ್ ಸಂಕೇತಕ್ಕೆ ತಡೆ) ಇದೆಯೇ, ಪೇಸಿಂಗ್ ವೈರ್ (ಬಡಿತ ಕಾಯಲು ಹೃದಯಕ್ಕೆ ಹಾಕಿದ ತಾತ್ಕಾಲಿಕ ತಂತಿ) ಕೆಲಸ ಮಾಡುತ್ತಿದೆಯೇ ನೋಡಿಕೊಂಡೇ ಶುರು ಮಾಡಿ. ಮನೋರೋಗದ ಔಷಧವಾದ ಹ್ಯಾಲೊಪೆರಿಡಾಲ್ ಡೆಲಿರಿಯಂ ಅವಧಿಯನ್ನು ಕಡಿಮೆ ಮಾಡುವುದಿಲ್ಲ, 2018ರ ಮೈಂಡ್-ಯುಎಸ್‌ಎ ಅಧ್ಯಯನದಲ್ಲಿ ಕಂಡದ್ದು ಅದೇ. ತೀರಾ ಅಗತ್ಯವಾದರೆ ಸಣ್ಣ ಡೋಸ್, ಅದೂ ಇಸಿಜಿ ನೋಡಿ. ಕ್ಯೂಟಿಸಿ (ಇಸಿಜಿಯಲ್ಲಿ ಅಳೆಯುವ ಒಂದು ಅವಧಿ) 500 ಮಿಲಿಸೆಕೆಂಡ್ ದಾಟಿದ್ದರೆ ಬೇಡವೇ ಬೇಡ. ಸುಮ್ಮನೆ ಮಲಗಿರುವ ಬಗೆಯವರಿಗಂತೂ ಇವು ಯಾವುವೂ ಬೇಡ.

ಐಸಿಯು_ರಾತ್ರಿಪಾಳಿ:
ಧನ್ಯವಾದ ಡಾಕ್ಟರೇ. ಕೈ ಕಟ್ಟುವ ಬಗ್ಗೆ? ಪೇಸಿಂಗ್ ವೈರ್ ಕಿತ್ತುಕೊಂಡರೆ ಎಂಬ ಹೆದರಿಕೆಗೇ ಕಟ್ಟುತ್ತಾರೆ.

ಫಿಸಿಯೋ_ಸ್ಟೆಪ್‌ಡೌನ್:
ಕಟ್ಟಿದಷ್ಟೂ ಎಳೆದಾಡುತ್ತಾರೆ, ಸ್ಟರ್ನಂಗೆ (ಎದೆಮೂಳೆಗೆ) ಹಾಕಿದ ವೈರ್ ಮೇಲೆ ಭಾರ ಬೀಳುತ್ತದೆ. ಕೀಳಲು ಸಿಗುವ ವಸ್ತುಗಳನ್ನೇ ಕಡಿಮೆ ಮಾಡಿ. ಆರ್ಟೀರಿಯಲ್ ಲೈನ್, ಕ್ಯಾತಿಟರ್, ಡ್ರೇನ್ ಇಂದು ನಿಜಕ್ಕೂ ಬೇಕೇ ಎಂದು ಬೆಳಗಿನ ರೌಂಡ್ಸ್‌ನಲ್ಲಿ ಒಂದೊಂದಾಗಿ ಕೇಳಿ. ಉಳಿಯಲೇಬೇಕಾದ ಪೇಸಿಂಗ್ ವೈರನ್ನು ಸುರುಳಿ ಮಾಡಿ, ಗಾಜ್ ಹಾಕಿ, ಗೌನಿನ ಒಳಗೆ ಕಣ್ಣಿಗೆ ಬೀಳದಂತೆ ಅಂಟಿಸಿ.

ಬಿಪಿ ಸ್ಥಿರವಿದ್ದರೆ ಮೊದಲ ದಿನವೇ ಕುರ್ಚಿಗೆ ಕೂರಿಸಿ. ತೋಳು ಹಿಡಿದು ಎಬ್ಬಿಸಬೇಡಿ. ದಿಂಬು ಎದೆಗೆ ಅಪ್ಪಿಕೊಳ್ಳಲಿ, ಮಗ್ಗುಲಾಗಿ, ಕಾಲು ಕೆಳಗಿಳಿಸಿ, ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ. ಹಗಲು ಕೂತವರಿಗೆ ರಾತ್ರಿ ನಿದ್ದೆ ಬರುತ್ತದೆ. ರಾತ್ರಿ 10ಕ್ಕೆ ದೀಪ ಇಳಿಸಿ. ರಕ್ತ ತೆಗೆಯುವುದು, ಮಗ್ಗುಲು ಬದಲಿಸುವುದು, ಡ್ರೆಸ್ಸಿಂಗ್ ಒಂದೇ ಸಲಕ್ಕೆ ಮುಗಿಸಿದರೆ ಒಂದಷ್ಟು ಗಂಟೆ ಎಬ್ಬಿಸದೇ ಬಿಡಬಹುದು. ಮನೆಯವರಿಗೂ ಹೇಳಿಕೊಡಿ: ಗೋಡೆಯ ಮೇಲೆ ಹುಳ ಕಾಣುತ್ತಿದೆ ಎಂದರೆ ವಾದ ಬೇಡ, ಹೌದೆನ್ನುವುದೂ ಬೇಡ. ‘ನನಗೆ ಕಾಣ್ತಿಲ್ಲಪ್ಪ, ಆಪರೇಷನ್ ಆಗಿದೆ, ಆಸ್ಪತ್ರೆಯಲ್ಲಿದ್ದೀರಿ, ನಾನು ಇಲ್ಲೇ ಇದ್ದೀನಿ’ ಎಂದರೆ ಸಾಕು.

ನರ್ಸಿಂಗ್_ಬೋಧಕಿ:
ಒಂದು ಸೇರಿಸುತ್ತೇನೆ. ಪ್ರತಿ ಸಲ ಎರಡೂ ಕೈ ಎತ್ತಿಸಿ, ಹಲ್ಲು ತೋರಿಸಲು ಹೇಳಿ, ಕಣ್ಣಿನ ಪಾಪೆ ನೋಡಿ. ಒಂದೇ ಬದಿಯ ಬಲ ಕಡಿಮೆಯಾಗಿದ್ದರೆ, ಬಾಯಿ ಸೊಟ್ಟಗಾಗಿದ್ದರೆ, ಮಾತು ಹೊರಡದಿದ್ದರೆ ಡೆಲಿರಿಯಂ ಎಂದು ಬಿಡಬೇಡಿ, ಪಾರ್ಶ್ವವಾಯು ಇರಬಹುದು. ಕೊನೆಯ ಬಾರಿ ಸರಿಯಿದ್ದದ್ದು ಎಷ್ಟು ಗಂಟೆಗೆ ಎಂದು ಬರೆದುಕೊಂಡು ತಕ್ಷಣ ಡಾಕ್ಟರನ್ನು ಕರೆಯಿರಿ. ಸಿಟಿ ಸ್ಕ್ಯಾನಿಗೆ ಹೋಗುವಾಗ ಅವರು ಕೇಳುವ ಮೊದಲ ಪ್ರಶ್ನೆ ಅದೇ.