ಅಪ್‌ಡೇಟ್: ಅಜ್ಜಿಯ ಒಬ್ಬಟ್ಟಿನ ವಿಡಿಯೋ ಕೊನೆಗೂ ಆಯಿತು

ಬಸವನಗುಡಿಯ ನಮ್ಮ ಅಡುಗೆಮನೆಯಲ್ಲಿ ವಿಡಿಯೋ ತೆಗೆದರೆ ಕಪ್ಪು ಪಟ್ಟೆಗಳು ಓಡುತ್ತವೆ, ಮಾತೂ ಸರಿಯಾಗಿ ಕೇಳಿಸುವುದಿಲ್ಲ ಅಂತ ಕೇಳಿದ್ದೆ. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಪಟ್ಟೆಗೆ ಕಾರಣ ಎಲ್‌ಇಡಿ ಬಲ್ಬ್. ನಮ್ಮ ಕರೆಂಟ್ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು. ಒಂದೊಂದು ಸುತ್ತಿಗೂ ಎರಡು ಸಲದಂತೆ ಅಗ್ಗದ ಬಲ್ಬ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾ ಬಿಡಬೇಕಲ್ಲ! ಸೆಟ್ಟಿಂಗ್ ನಾವೇ ಬದಲಿಸಬಹುದಾದ ಫೋನಿನ ಪ್ರೊ ಮೋಡ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್ ಇಟ್ಟೆ. ಅಷ್ಟರಲ್ಲಿ ಸರಿಯಾಗಿ ಎರಡು ಮಿನುಗು ಮುಗಿಯುವುದರಿಂದ ಬೆಳಕು ಎಲ್ಲ ಕಡೆ ಒಂದೇ ಸಮ ಬೀಳುತ್ತದೆ. ಪಟ್ಟೆ ಮಾಯ.

ಸದ್ದಿನದೇ ಜಾಸ್ತಿ ತಲೆನೋವು. ಇನ್ನೊಂದು ಫೋನನ್ನು ಅಜ್ಜಿಯ ಹತ್ತಿರವೇ ಇಟ್ಟು ಮಾತು ರೆಕಾರ್ಡ್ ಮಾಡಿದೆ. ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆದರೆ ಎಡಿಟ್ ಮಾಡುವಾಗ ಎರಡನ್ನೂ ಹೊಂದಿಸುವುದು ಸುಲಭ. ಪಕ್ಕದ ಸೈಟಿನ ಡ್ರಿಲ್ಲಿಂಗ್‌ಗೆ ಮಾತ್ರ ಮದ್ದಿಲ್ಲ. ಕೆಲಸದವರ ಊಟದ ಹೊತ್ತಿಗೆ ಕಾದು ಶೂಟ್ ಮಾಡಿದೆವು.

ಅಜ್ಜಿಗೆ ಇನ್ನೂ ಸಮಾಧಾನವಿಲ್ಲ. "ಹೂರಣ ಸರಿಯಾಗಿ ಕಾಣಿಸ್ತಿಲ್ಲ, ಮತ್ತೆ ತೆಗಿ" ಅಂತಿದ್ದಾರೆ.