ಪದ ಬೇಕಿತ್ತು: ಬೆಳಕು ಸಾಲದೆ ಉದ್ದಕ್ಕೆ ಎದ್ದ ಮೆಣಸಿನ ಸಸಿಗೆ ಏನಂತೀರಿ?

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಬೆಳಕು ಸಾಕಾಗದೆ ಸಸಿ ತೆಳ್ಳಗೆ, ಉದ್ದಕ್ಕೆ, ಬಿಳಿಚಿಕೊಂಡು ಎದ್ದು, ಕೊನೆಗೆ ತನ್ನ ಭಾರಕ್ಕೇ ಬಾಗಿ ಬೀಳುತ್ತದಲ್ಲ, ಅದಕ್ಕೆ ನಿಮ್ಮ ಕಡೆ ಏನು ಹೇಳುತ್ತಾರೆ? ಇಂಗ್ಲಿಷಿನವರು 'ಲೆಗ್ಗಿ' ಎಂದು ಮುಗಿಸಿಬಿಡುತ್ತಾರೆ. ಅದನ್ನು ಹಾಗೇ ಎತ್ತಿಕೊಂಡು 'ಕಾಲುದ್ದದ ಸಸಿ' ಎಂದು ಬರೆದರೆ ನಮ್ಮ ಮನೆಯವರೇ ನಗುತ್ತಾರೆ.

ಈ ಪದ ಈಗ ಯಾಕೆ ಬೇಕಾಯಿತು ಅಂದರೆ, ಶಿರಸಿಯಲ್ಲಿ ಜೂನ್ ಹಿಡಿದು ಸೆಪ್ಟೆಂಬರ್ ತನಕ ಬಿಸಿಲನ್ನು ನಂಬಿ ಮೆಣಸಿನ ಸಸಿ ಮಾಡೋದು ಆಗದ ಮಾತು. ಅಂಗಳದ ಕುಂಡದಲ್ಲಿ ಇಟ್ಟರೆ ಬುಡ ಕೊಳೆಯುತ್ತದೆ. ಹಾಗಾಗಿ ಇಲ್ಲಿ ನಾವು ಕೆಲವರು ಹಿಂದಿನ ಕೋಣೆಯಲ್ಲೋ ಅಟ್ಟದಲ್ಲೋ ಎಲ್‌ಇಡಿ ಟ್ಯೂಬ್ ಕಟ್ಟಿ, ಅದರ ಕೆಳಗೆ ಟ್ರೇ ಇಟ್ಟು ಸಸಿ ಎಬ್ಬಿಸುತ್ತೇವೆ. ಸೂಜಿಮೆಣಸು, ಬ್ಯಾಡಗಿ, ಹುಚ್ಚು ಜಾಸ್ತಿ ಇರುವವರಿಗೆ ಭೂತ್ ಜೊಲೊಕಿಯಾ. (2007ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದ ಅಸ್ಸಾಂ ಕಡೆಯ ಮೆಣಸು ಅದು. ಸ್ಕೋವಿಲ್ ಲೆಕ್ಕದಲ್ಲಿ ಖಾರ 10 ಲಕ್ಷ ದಾಟಿತ್ತು. ತಿನ್ನೋದಕ್ಕಿಂತ ನೆಂಟರಿಗೆ ತೋರಿಸೋದಕ್ಕೇ ಬೆಳೆಸೋದು, ಸುಳ್ಳು ಯಾಕೆ ಹೇಳಲಿ.) ಹೊಸದಾಗಿ ಶುರು ಮಾಡುವವರು ಕೇಳುತ್ತಾರೆ ಎಂದು ಒಂದೆರಡು ಪುಟದಲ್ಲಿ ಎಲ್ಲ ಬರೆದಿಡುತ್ತಿದ್ದೇನೆ. ಅಲ್ಲಿ ಈ ಪದ ಸಿಗದೆ ಸಿಕ್ಕಿಬಿದ್ದಿದ್ದೇನೆ.

ಹೆಸರು ಏನಾದರೇನು ಅನ್ನಬೇಡಿ. ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ. ಸಸಿ 'ಸೊರಗಿದೆ' ಅಂದ ತಕ್ಷಣ ಕೇಳಿದವರು ಚೊಂಬು ಹಿಡಿದು ನೀರು ಹಾಕುತ್ತಾರೆ, ಇಲ್ಲವೇ ಗೊಬ್ಬರ. ಎರಡೂ ಕೆಡುಕು. ನೀರು ಜಾಸ್ತಿಯಾದರೆ ಮೊದಲೇ ಸಪೂರ ಇರುವ ಕಾಂಡ ಮಣ್ಣಿನ ಮಟ್ಟದಲ್ಲಿ ಕೊಳೆತು ಮಲಗುತ್ತದೆ. ಗೊಬ್ಬರ ಕೊಟ್ಟರೆ ಇನ್ನೂ ಎಳಸಾಗಿ ಉದ್ದಕ್ಕೆ ಹೋಗುತ್ತದೆ. ಅದಲ್ಲದೆ 'ಸೊರಗು ರೋಗ' ಎಂದು ಬೇರೆಯೇ ಒಂದು ರೋಗ ಇದೆ, ಕೃಷಿ ಪುಸ್ತಕಗಳಲ್ಲಿ ಆ ಹೆಸರು ಆಗಲೇ ಖರ್ಚಾಗಿದೆ.

'ಸೊಕ್ಕಿದೆ' ಅನ್ನೋಣ ಅಂದರೆ ಅದು ಇದಕ್ಕೆ ಪೂರ್ತಿ ಉಲ್ಟಾ. ಗೊಬ್ಬರ ಹೆಚ್ಚಾಗಿ, ಕಡುಹಸಿರು ಎಲೆ ಬಿಟ್ಟು, ಹೂ ಕಾಯಿ ಬಿಡದೆ ಮೆರೆಯುವ ಗಿಡ ಸೊಕ್ಕಿದ ಗಿಡ. ನಮ್ಮ ಸಸಿಯಲ್ಲಿ ಸೊಕ್ಕು ಎಲ್ಲಿಂದ ಬರಬೇಕು ಪಾಪ. 'ಸಪೂರ' ಚೆನ್ನಾಗಿದೆ, ಕರಾವಳಿಯಲ್ಲೂ ಘಟ್ಟದ ಮೇಲೂ ಎಲ್ಲರಿಗೂ ಗೊತ್ತು. ಆದರೆ ಅದು ಆಕಾರ ಹೇಳುತ್ತದೆ, ಕಾರಣ ಹೇಳೋದಿಲ್ಲ. 'ನೀಳ' ಅಂದರೆ ಹೊಗಳಿಕೆ ಆಗಿಬಿಡುತ್ತದೆ. 'ಬಿಳಿಚಿದೆ' ಅನ್ನೋದು ಅರ್ಧ ಸರಿ, ಆದರೆ ಕಬ್ಬಿಣ, ಸಾರಜನಕ ಕಡಿಮೆಯಾದರೂ ಎಲೆ ಬಿಳಿಚುತ್ತದೆ. ನನಗೆ ಬೇಕಾದ್ದು ಕೇಳಿದವರ ಕೈ ನೀರಿಗೆ ಹೋಗದೆ ದೀಪದ ಕಡೆಗೆ ಹೋಗುವಂಥ ಪದ.

ಆಗೋದು ಏನು ಅಂದರೆ, ಬೆಳಕು ಕಡಿಮೆ ಇದ್ದಾಗ ಸಸಿ ಎಲೆ, ಬೇರು ಬಿಟ್ಟು ಇದ್ದ ಬಲವನ್ನೆಲ್ಲ ಎತ್ತರಕ್ಕೆ ಹಾಕುತ್ತದೆ. ಮೇಲೆ ಎಲ್ಲೋ ಬೆಳಕಿದೆ ಅನ್ನೋ ನಂಬಿಕೆ ಅದಕ್ಕೆ. ಕಾಂಡದ ಜೀವಕೋಶಗಳು ಉದ್ದಕ್ಕೆ ಹಿಗ್ಗುತ್ತವೆ, ದಪ್ಪ ಆಗೋದಿಲ್ಲ. ನವರಾತ್ರಿಗೆ ಹುಬ್ಬಳ್ಳಿ ಧಾರವಾಡ ಕಡೆ ಘಟಸ್ಥಾಪನೆ ಮಾಡಿ ಕಾಳು ಮೊಳಕೆ ಬರಿಸುತ್ತಾರಲ್ಲ, ದೇವರ ಕೋಣೆಯ ಕತ್ತಲಲ್ಲಿ ಹಳದಿ ಎಳೆಗಳಾಗಿ ಏಳುತ್ತವಲ್ಲ, ಅದೂ ಇದೇ. ಆ ಹಳದಿ ಮೊಳಕೆಗೆ ಅಲ್ಲಿಯವರ ಬಾಯಲ್ಲಿ ಬೇರೆ ಹೆಸರು ಏನಾದರೂ ಇದೆಯಾ? ಇದ್ದರೆ ನನ್ನ ಕೆಲಸ ಅಲ್ಲೇ ಮುಗಿಯಿತು.

ನಮ್ಮ ಕಣ್ಣು ಈ ವಿಷಯದಲ್ಲಿ ದೊಡ್ಡ ಮೋಸಗಾರ. ರಾತ್ರಿ ದೀಪ ಹಾಕಿದ ಕೋಣೆ ನಮಗೆ ಝಗಮಗ ಅನಿಸುತ್ತದೆ, ಅಳೆದರೆ 100ರಿಂದ 300 ಲಕ್ಸ್ ಇದ್ದೀತು. ಹೊರಗಿನ ನಡುಹಗಲ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಆದ್ದರಿಂದ ಟ್ಯೂಬ್ ಅನ್ನು ಮಾಡಿಗೆ ಕಟ್ಟಿದರೆ ಏನೂ ಪ್ರಯೋಜನ ಇಲ್ಲ. ಸಸಿಯ ತಲೆಯಿಂದ ಒಂದು ಗೇಣು ಮೇಲೆ ಇರಬೇಕು, ಸಸಿ ಎದ್ದ ಹಾಗೆ ಟ್ಯೂಬನ್ನೂ ಏರಿಸಬೇಕು. ಅಂಗಡಿಯಲ್ಲಿ ಸಿಗುವ 6500 ಕೆಲ್ವಿನ್‌ನ ಬಿಳಿ ಟ್ಯೂಬೇ ಸಾಕು, ನೇರಳೆ ಬಣ್ಣದ ದುಬಾರಿ ದೀಪ ಸಸಿಗೆ ಬೇಕಿಲ್ಲ. ದಿನಕ್ಕೆ 14ರಿಂದ 16 ಗಂಟೆ. 20 ವ್ಯಾಟಿನ ಎರಡು ಟ್ಯೂಬ್ 15 ಗಂಟೆ ಉರಿದರೆ ತಿಂಗಳಿಗೆ 18 ಯೂನಿಟ್. ಅಂದಹಾಗೆ, ಹೀಗೆ ದೀಪ ಹಾಕಿಡುವ ಹೊತ್ತಿಗೆ ನಾವು ಸುಮ್ನೆ 'ಹಗಲು' ಎನ್ನುತ್ತೇವೆ. 'ಇವತ್ತು ಕರೆಂಟ್ ಹೋಗಿ ಸಸಿಗೆ ಅರ್ಧವೇ ಹಗಲು ಸಿಕ್ಕಿತು' ಎಂದರೆ ಮನೆಯಲ್ಲಿ ಎಲ್ಲರಿಗೂ ಅರ್ಥ ಆಗುತ್ತದೆ. ಅದಕ್ಕೆ 'ದ್ಯುತಿ ಅವಧಿ' ಎಂದು ಬರೆಯಬೇಕು ಅನ್ನುವವರು ದಯವಿಟ್ಟು ಬೇರೆ ಪತ್ರದಲ್ಲಿ ಜಗಳ ಆಡಿ.

ಸದ್ಯಕ್ಕೆ ನಾನು ಬರೆದಿರೋದು 'ಬೆಳಕಿಗೆ ಎದ್ದ ಸಸಿ'. ದಟ್ಟ ತೋಟದಲ್ಲಿ ಗಿಡ ಹೀಗಾದರೆ ನಮ್ಮ ತೋಟದಲ್ಲಿ ಕೆಲಸ ಮಾಡುವವರು 'ಬೆಳಕಿಗೆ ಎದ್ದದ್ದು' ಅನ್ನುತ್ತಾರೆ. ಕಾರವಾರದಲ್ಲಿರುವ ನಮ್ಮ ಅತ್ತಿಗೆ ಇದನ್ನು ಓದಿ, ಬೆಳಗಾಗುವಾಗ ಎದ್ದ ಸಸಿ ಅಂದುಕೊಂಡರಂತೆ. ಹೌದು, ಹಾಗೂ ಅರ್ಥ ಬರುತ್ತದೆ. 'ಬೆಳಕುಬರದ ಸಸಿ' ಎಂದೂ ಒಂದು ಕಟ್ಟಿದೆ, ನೀರಿಗೆ ಬರ ಬಂದ ಹಾಗೆ ಬೆಳಕಿಗೂ ಬರ. ಆದರೆ ಓದುವಾಗ 'ಬೆಳಕು ಬಾರದ' ಎಂದು ಕಣ್ಣು ಜಾರುತ್ತದೆ. ನಿಮಗೆ ಯಾವುದು ವಾಸಿ ಅನಿಸುತ್ತದೆ? ಗಿಡವನ್ನು ಮನೆಯಿಂದ ಹೊರಗೆ ತರುವಾಗ ದಿನಾ ಸ್ವಲ್ಪ ಸ್ವಲ್ಪ ಬಿಸಿಲು ತೋರಿಸೋದಕ್ಕೆ 'ಒಗ್ಗಿಸೋದು' ಅನ್ನೋ ಒಳ್ಳೆ ಪದ ಇದೆ, ಅದಕ್ಕೆ ತಲೆಬಿಸಿ ಇಲ್ಲ.

ಇನ್ನೆರಡು ಸಣ್ಣ ಸಂಶಯ. ಖಾರ ಬೀಜದಲ್ಲಿರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಿಜವಾಗಿ ಅದು ಹುಟ್ಟೋದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ಭಾಗದಲ್ಲಿ. ಆ ಬಿಳಿ ಭಾಗಕ್ಕೆ ಅಡುಗೆಮನೆಯಲ್ಲಿ ಹೆಸರೇ ಕೇಳಿಲ್ಲ. ಹಲಸಿನ ಹಣ್ಣಿನ ನಡುವಿನದಕ್ಕೆ ಗೂಂಜು ಎನ್ನುತ್ತೇವಲ್ಲ, ಮೆಣಸಿಗೂ ಅದನ್ನೇ ಹೇಳಿದರೆ ಒಪ್ಪುತ್ತೀರಾ? ಪದ ಒಂದರಿಂದ ಇನ್ನೊಂದಕ್ಕೆ ದಾಟೋದು ಹೊಸದೇನಲ್ಲ. 'ಮೆಣಸು' ಎಂದರೆ ಮೊದಲು ಕಾಳುಮೆಣಸೇ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದದ್ದು ಆ ಮೆಣಸಿಗಾಗಿ. ಅಮೆರಿಕದ ಕಾಯಿಯನ್ನು ಇಲ್ಲಿಗೆ ತಂದವರೂ ಪೋರ್ಚುಗೀಸರೇ, ಅದು ಬಂದು ಹೆಸರನ್ನೇ ಕಿತ್ತುಕೊಂಡಿತು. ಈಗಲೂ ಶಿರಸಿ ಪೇಟೆಯಲ್ಲಿ 'ಮೆಣಸಿಗೆ ರೇಟು ಎಷ್ಟು' ಎಂದರೆ ಕಾಳು, ಅಡುಗೆಮನೆಯಲ್ಲಿ 'ಎರಡು ಮೆಣಸು ಕೊಡು' ಎಂದರೆ ಕಾಯಿ.

ಎರಡನೆಯದು ನುಸಿ. ಎಲೆಯ ರಸ ಹೀರುವ ಎರಡು ಬೇರೆ ಬೇರೆ ಸಣ್ಣ ಹುಳ ಇವೆ, ಥ್ರಿಪ್ಸ್ ಮತ್ತು ಮೈಟ್. ಥ್ರಿಪ್ಸಿಗೂ ನುಸಿ, ಮೈಟಿಗೂ ನುಸಿ ಅನ್ನುತ್ತಾರೆ. ಥ್ರಿಪ್ಸ್ ಹತ್ತಿದರೆ ಎಲೆಯ ಅಂಚು ಮೇಲಕ್ಕೆ ಮುದುಡುತ್ತದೆ, ಮೈಟ್ ಹತ್ತಿದರೆ ಕೆಳಕ್ಕೆ. ಗಂಧಕದ ಪುಡಿ ಮೈಟಿಗೆ ತಾಗುತ್ತದೆ, ಥ್ರಿಪ್ಸಿಗೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಮುಚ್ಚಿದ ಕೋಣೆಯಲ್ಲಿ ಎರಡೂ ಬೇಗ ಹಬ್ಬುತ್ತವೆ, ತಿಂದುಹಾಕುವ ಬೇರೆ ಹುಳ ಅಲ್ಲಿರೋದಿಲ್ಲವಲ್ಲ. ಇವೆರಡಕ್ಕೆ ಬೇರೆ ಬೇರೆ ಹೆಸರು ನಿಮ್ಮ ಊರಲ್ಲಿ ಇದ್ದರೆ ಊರಿನ ಹೆಸರು ಸಮೇತ ಬರೆಯಿರಿ. ಕುಮಟಾ, ಅಂಕೋಲಾ ಕಡೆಯ ಮೆಣಸು ಬೆಳೆಯುವವರನ್ನು ಕೇಳಿ ಹೇಳಿದರೆ ಇನ್ನೂ ಒಳ್ಳೆಯದು.